ಕ್ಯಾಂಪರ್‌ಗೆ ಬಿಸಿನೀರು ಬೇಕಂದ್ರೆ ಮೊದಲು ಬಾನೆಟ್ ಎತ್ತಿ ನೋಡಿ

ಗಾಡೀನ ಕ್ಯಾಂಪರ್ (ಒಳಗೇ ಮಲಗಿ ಊರೂರು ಸುತ್ತೋ ಗಾಡಿ) ಮಾಡಿಸೋಕೆ ನಮ್ಮ ಮೈಸೂರಿನ ವರ್ಕ್‌ಶಾಪಿಗೆ ಬರೋರು ಬೆಡ್ಡು, ಸೋಲಾರು, ಫ್ರಿಜ್ಜು ಎಲ್ಲಾ ಬರ್ಕೊಂಡು ಬಂದಿರ್ತಾರೆ, ಬಿಸಿನೀರು ಮಾತ್ರ ಹೊರಡೋ ಹೊತ್ತಿಗೆ ನೆನಪಾಗುತ್ತೆ. ಮಂಡ್ಯ ಕಡೆಯಿಂದ ಫೋರ್ಸ್ ಗೂರ್ಖಾ ಜೀಪು ತಂದಿದ್ದ ಒಬ್ಬರು "ಹಂಗೇ ಒಂದ್ ಗ್ಯಾಸ್ ಗೀಜರ್ ಹಾಕ್ಬುಡಿ ಅಣ್ಣ, ಮನೇಲೂ ಅದೇ ಅದೆ" ಅಂದ್ರು. ಅದೊಂದು ಮಾತ್ರ ಹಾಕಲ್ಲ ಸಾರ್ ಅಂದೆ. ಈ ಪ್ರಶ್ನೆ ಪದೇ ಪದೇ ಬರ್ತಾನೇ ಇರೋದ್ರಿಂದ ಸ್ವಲ್ಪ ಬಿಡಿಸಿ ಬರೀತಿದೀನಿ.

ಮನೆ ಬಚ್ಚಲಿಗೆ ಹಾಕೋ ಗ್ಯಾಸ್ ಗೀಜರ್ ಉರಿಯೋಕೆ ಬೇಕಾದ ಗಾಳೀನ ಆ ಕೋಣೆಯಿಂದಲೇ ಎಳ್ಕೊಳುತ್ತೆ, ಹೊಗೇನೂ ಅಲ್ಲೇ ಬಿಡುತ್ತೆ. ಗಾಳಿ ಸಾಲದೆ ಹೋದ್ರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ, ಅದಕ್ಕೆ ವಾಸನೆ ಇಲ್ಲ ಬಣ್ಣ ಇಲ್ಲ, ತಲೆ ಸುತ್ತುತ್ತೆ ಅನ್ನೋದ್ರೊಳಗೆ ಕೈಕಾಲು ಬಿದ್ದು ಹೋಗಿರುತ್ತೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಜನ ಹಿಂಗೆ ತೀರ್ಕೊಂಡಿರೋ ಸುದ್ದಿ ನಮ್ಮ ಪೇಪರ್‌ಗಳಲ್ಲಿ ಎಷ್ಟು ಸಲ ಓದಿದೀವಿ. ಕ್ಯಾಂಪರ್ ಒಳಗಿನ ಜಾಗ ಆ ಬಚ್ಚಲಿಗಿಂತ ಸ್ವಲ್ಪವೇ ದೊಡ್ಡದು, ಜೊತೆಗೆ ಅಲ್ಲೇ ಮಲಗೋದು ಬೇರೆ. ಎಲ್‌ಪಿಜಿ ಗಾಳಿಗಿಂತ ಭಾರ, ಲೀಕ್ ಆದ್ರೆ ಫ್ಲೋರ್ ಮೇಲೆ ಹರಡ್ಕೊಂಡು ಕೂತಿರುತ್ತೆ. ಹೊರಗಿನ ಗಾಳಿ ತಗೊಂಡು ಹೊರಗೇ ಹೊಗೆ ಬಿಡೋ ಕ್ಯಾಂಪರ್ ಹೀಟರ್‌ಗಳು ಇವೆ, ಅವು ಬೇರೆ ಮಾತು.

ಕರೆಂಟ್ ಗೀಜರ್ ಲೆಕ್ಕ ಇನ್ನೂ ಸುಲಭ. 15 ಲೀಟರ್ ನೀರನ್ನ 20 ಡಿಗ್ರಿಯಿಂದ 60ಕ್ಕೆ ಏರಿಸೋಕೆ ಸುಮಾರು 0.7 ಯೂನಿಟ್ ಬೇಕು, 12 ವೋಲ್ಟಿನ 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರೀಲಿ ಇರೋದೇ ಸುಮಾರು 1.28 ಯೂನಿಟ್, ಅಂದ್ರೆ ಗೀಜರ್ ಒಂದು ಸಲ ಕಾಯಿಸೋಕೇ ಅರ್ಧಕ್ಕಿಂತ ಜಾಸ್ತಿ ಬ್ಯಾಟರಿ ಖಾಲಿ. 2 ಕಿಲೋವ್ಯಾಟ್ ಗೀಜರ್ ಓಡಿಸೋಕೆ ಬ್ಯಾಟರಿಯಿಂದ 170 ಆಂಪ್ ಮೇಲೆ ಎಳೀಬೇಕು, ಅದಕ್ಕೆ ಬೇಕಾದ ಕೇಬಲ್ ದಪ್ಪ ನೋಡಿದ್ರೇನೇ ಬೇಡ ಅನ್ಸುತ್ತೆ.

ಹಂಗಾದ್ರೆ ಬಿಸಿ ಎಲ್ಲಿಂದ? ನಿಮ್ಮ ಎಂಜಿನ್ನಲ್ಲೇ ಇದೆ. ಓಡಿ ಬಂದ ಡೀಸೆಲ್ ಎಂಜಿನ್ನಿನ ಕೂಲೆಂಟ್ (ಎಂಜಿನ್ ತಣ್ಣಗಿಡೋಕೆ ಒಳಗೆ ಸುತ್ತೋ ದ್ರವ) 85ರಿಂದ 90 ಡಿಗ್ರಿ ಇರುತ್ತೆ, ರೇಡಿಯೇಟರ್ ಆ ಬಿಸೀನೆಲ್ಲಾ ಸುಮ್ನೆ ಗಾಳಿಗೆ ಬಿಸಾಕ್ತಾ ಇರುತ್ತೆ. ಅದನ್ನ ಹಿಡಿಯೋಕೆ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಅಂತ ಬರುತ್ತೆ, ಅಂಗೈಗಿಂತ ಸ್ವಲ್ಪ ಉದ್ದ, ಒಳಗೆ ಸ್ಟೀಲ್ ಪ್ಲೇಟುಗಳ ಅಡುಕು. ಒಂದು ಸಂದೀಲಿ ಕೂಲೆಂಟ್, ಪಕ್ಕದ ಸಂದೀಲಿ ಸ್ನಾನದ ನೀರು, ಎರಡೂ ಬೆರೆಯಲ್ಲ, ಬಿಸಿ ಮಾತ್ರ ದಾಟುತ್ತೆ. ಎರಡೂ ಎದುರು ಬದುರು ಹರಿಯೋ ಹಂಗೆ ಪೈಪ್ ಕೊಡಬೇಕು, ಒಂದೇ ದಿಕ್ಕಿಗೆ ಕೊಟ್ರೆ ನೀರು ಅಷ್ಟು ಬಿಸಿ ಏರಲ್ಲ.

ಎಲ್ಲಿ ಜೋಡಿಸೋದು ಅನ್ನೋದಕ್ಕೆ ಒಂದು ಪರೀಕ್ಷೆ ಇದೆ. ಕ್ಯಾಬಿನ್ ಹೀಟರಿಗೆ ಹೋಗೋ ಎರಡು ಹೋಸ್ ಬಾನೆಟ್ ಕೆಳಗೆ ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ಮಧ್ಯದ ತಗಡು) ಹತ್ರ ಸಿಗುತ್ತೆ. ಗಾಡೀನ ಒಂದು ರೌಂಡ್ ಓಡಿಸ್ಕೊಂಡು ಬಂದು ಎಂಜಿನ್ ಓಡ್ತಿರೋವಾಗಲೇ ಹೀಟರ್ ನಾಬನ್ನ ಪೂರ್ತಿ ತಣ್ಣಗೆ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು, ಫ್ಯಾನು ಬೆಲ್ಟು ದೂರ ಇಟ್ಕೊಂಡು ದಪ್ಪ ಬಟ್ಟೆ ಹಿಡಿದು ಎರಡೂ ಹೋಸ್ ಮುಟ್ಟಿ ನೋಡಿ. ಎರಡೂ ಬಿಸಿ ಇದ್ರೆ ಕೂಲೆಂಟ್ ಯಾವಾಗ್ಲೂ ಸುತ್ತುತ್ತಾ ಇದೆ, ವಾಪಸ್ ಬರೋ ಹೋಸ್‌ನಲ್ಲಿ ಎಕ್ಸ್‌ಚೇಂಜರ್ ಕೂರಿಸಬಹುದು. ಒಂದು ತಣ್ಣಗಾಗಿದ್ರೆ ದಾರೀಲಿ ಎಲ್ಲೋ ವಾಲ್ವ್ ಇದೆ ಅಂತ ಅರ್ಥ, ಆಗ ಅದಕ್ಕಿಂತ ಮುಂಚೆ ಟೀ (ಮೂರು ಬಾಯಿಯ ಜಾಯಿಂಟ್) ಹಾಕಿ ಬೇರೆ ದಾರಿ ಕೊಡಬೇಕು. ಎಕ್ಸ್‌ಚೇಂಜರ್ ಕೂಲೆಂಟ್ ಬಾಟಲಿಗಿಂತ ಕೆಳಗೇ ಇರಲಿ, ಮೇಲಿದ್ರೆ ಗಾಳಿ ಸಿಕ್ಕಾಕ್ಕೊಂಡು ಎಂಜಿನ್ ಓವರ್‌ಹೀಟ್ ಆಗುತ್ತೆ. ಕೂಲೆಂಟ್ ತುಂಬಿಸೋವಾಗ ಗಾಡಿ ಮೂತಿ ಏರಿನ ಕಡೆ ಇಟ್ಟು, ಗುಳ್ಳೆ ನಿಲ್ಲೋ ತನಕ ಕಾಯಬೇಕು. ಎಂಜಿನ್ ಬಿಸಿ ಇದ್ದಾಗ ಮಾತ್ರ ದಯವಿಟ್ಟು ಕ್ಯಾಪ್ ಮುಟ್ಟಬೇಡಿ.

ನನ್ನ ಹತ್ರ ರಾಜಿ ಇಲ್ಲದ ಪಾರ್ಟು ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್. ಎಕ್ಸ್‌ಚೇಂಜರ್‌ನಿಂದ ಬರೋ ನೀರು 70 ಡಿಗ್ರಿ ದಾಟಬಹುದು, ಅಷ್ಟು ಬಿಸಿ ನೀರು ಮೈ ಮೇಲೆ ಬಿದ್ರೆ ಒಂದು ಸೆಕೆಂಡ್ ಸಾಕು ಸುಡೋಕೆ, 60 ಡಿಗ್ರಿಗೂ ಐದಾರು ಸೆಕೆಂಡ್ ಅಷ್ಟೇ. ಮಕ್ಕಳ ಚರ್ಮಕ್ಕೆ ಅಷ್ಟೂ ಬೇಡ. ಈ ವಾಲ್ವನ್ನ 40ಕ್ಕೆ ಸೆಟ್ ಮಾಡಿಟ್ರೆ ತಣ್ಣೀರನ್ನ ತಾನೇ ಬೆರೆಸಿ ಕೊಡುತ್ತೆ. "ಕೈಯಲ್ಲೇ ಟ್ಯಾಪ್ ಅಡ್ಜಸ್ಟ್ ಮಾಡ್ಕೋತೀವಿ ಬಿಡಿ" ಅನ್ನೋರಿಗೆ ನಾನು ಕೆಲಸ ಮಾಡಿಕೊಡಲ್ಲ.

ನೀರಿನ ವಿಷಯ. ನಾವು ಬಕೆಟ್ ಸ್ನಾನದೋರು, ಒಬ್ಬೊಬ್ಬರಿಗೆ 15–18 ಲೀಟರ್ ಹೋಗುತ್ತೆ, ಅದೇ ಕಮ್ಮಿ ನೀರು ಬಿಡೋ ಶವರ್ ಹಾಕಿ ಸೋಪ್ ಹಚ್ಚೋವಾಗ ನಿಲ್ಲಿಸಿದ್ರೆ 7–8 ಲೀಟರ್‌ನಲ್ಲಿ ಮುಗಿಯುತ್ತೆ. ಲೀಟರಿಗೆ ಒಂದು ಕೆಜಿ ತೂಕ, 60 ಲೀಟರ್ ಟ್ಯಾಂಕ್ ಅಂದ್ರೆ ಒಬ್ಬ ಮನುಷ್ಯನ ಭಾರ, ಅದನ್ನ ರೂಫ್ ಮೇಲೆ ಇಟ್ಟು ಕೊಡಗಿನ ಕೆಸರಲ್ಲಿ ಅಡ್ಡ ಇಳಿಜಾರಿಗೆ ಹೋಗೋದು ಯೋಚನೆ ಮಾಡಿ. ಎರಡು ಆಕ್ಸಲ್ ಮಧ್ಯೆ ಆದಷ್ಟು ಕೆಳಗೆ ಇರಲಿ. ನಿಮಿಷಕ್ಕೆ 4 ಲೀಟರ್ ನೀರನ್ನ 20 ಡಿಗ್ರಿ ಏರಿಸೋಕೆ ಐದೂವರೆ ಕಿಲೋವ್ಯಾಟ್ ಬಿಸಿ ಬೇಕು, ಐಡ್ಲಿಂಗ್‌ನಲ್ಲಿ ನಿಂತ ಎಂಜಿನ್ ಅಷ್ಟು ಕೊಡದೇ ಇರಬಹುದು, ಅದಕ್ಕೇ ಕ್ಯಾಂಪಿಗೆ ಬಂದ ತಕ್ಷಣ ಎಂಜಿನ್ ಬಿಸಿ ಇರೋವಾಗಲೇ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ. ಶವರ್ ಟೆಂಟು ಸೈಲೆನ್ಸರ್ ಇರೋ ಕಡೆ ಬೇಡ, ಆಚೆ ಪಕ್ಕಕ್ಕೆ ಕಟ್ಟಿ. ಎರಡು ಮೂರು ದಿನ ಒಂದೇ ಕಡೆ ಗಾಡಿ ನಿಲ್ಲಿಸೋರಿಗೆ ಡೀಸೆಲ್ ವಾಟರ್ ಹೀಟರ್ ವಾಸಿ, ದುಡ್ಡು ಮಾತ್ರ ಜಾಸ್ತಿ.

ಪೈಪಿಗೆ ಮನೆ ಪ್ಲಂಬಿಂಗಿನ ಸಿಪಿವಿಸಿ ಹಾಕಬೇಡಿ, ಗಾಡಿ ಕುಲುಕಾಟಕ್ಕೆ ಅಂಟಿಸಿದ ಜಾಯಿಂಟ್ ಬಿರುಕು ಬಿಡುತ್ತೆ. ಕೂಲೆಂಟ್ ಕಡೆ ಹೀಟರ್ ಹೋಸು, ಸ್ಟೀಲ್ ಕ್ಲಿಪ್ಪು, ತಗಡು ದಾಟೋ ಕಡೆ ರಬ್ಬರ್ ಗ್ರಾಮೆಟ್. ಮೊದಲ ಕೆಟ್ಟ ರಸ್ತೆ ಓಡಿಸಿದ ಮೇಲೆ ಎಂಜಿನ್ ತಣ್ಣಗಾಗೋಕೆ ಬಿಟ್ಟು ಎಲ್ಲಾ ಕ್ಲಿಪ್ ಇನ್ನೊಂದು ಸಲ ಟೈಟ್ ಮಾಡಿ.

ಕೂಲೆಂಟ್‌ನಲ್ಲಿರೋ ಎಥಿಲೀನ್ ಗ್ಲೈಕಾಲ್ ವಿಷ, ಅದೂ ಸಿಹಿ ವಿಷ. ಎಕ್ಸ್‌ಚೇಂಜರ್ ಒಳಗೆ ಲೀಕ್ ಆದ್ರೆ ಅದು ನೀರಿಗೆ ಸೇರಬಹುದು, ಅದಕ್ಕೇ ಈ ಬಿಸಿನೀರು ಸ್ನಾನಕ್ಕೆ ಅಷ್ಟೇ, ಕಾಫಿಗಾಗಲಿ ಅನ್ನಕ್ಕಾಗಲಿ ಬೇಡ. ಹೊರಗೆ ಎಲ್ಲೂ ಸೋರದೆ ಬಾಟಲೀಲಿ ಕೂಲೆಂಟ್ ಇಳೀತಿದ್ರೆ ಒಳಗೆ ಲೀಕ್ ಇರಬಹುದು. ಏರ್ತಾ ಇದ್ರೂ ಅಷ್ಟೇ ಅನುಮಾನ ಪಡಿ, ಸ್ನಾನದ ನೀರಿನ ಪಂಪಿನ ಪ್ರೆಶರ್ ಕೂಲೆಂಟ್ ಪ್ರೆಶರಿಗಿಂತ ಜಾಸ್ತಿ ಇರೋದ್ರಿಂದ ಪಂಪ್ ಓಡೋವಾಗ ನೀರೇ ಆ ಕಡೆ ನುಗ್ಗುತ್ತೆ.

ಮಂಡ್ಯ ಸುತ್ತಮುತ್ತ ಬೋರ್‌ವೆಲ್ ನೀರು ತುಂಬಿಸೋರು ಗಡಸು ನೀರಿಗೆ ಪ್ಲೇಟ್ ಮಧ್ಯೆ ಬಿಳಿ ಪದರ ಕಟ್ಟೋದನ್ನ ನೋಡ್ಕೋಬೇಕು. ಬಿಸಿ ಕಮ್ಮಿ ಬರ್ತಿದೆ ಅನ್ಸಿದ್ರೆ ನೀರಿನ ಕಡೆ ಮಾತ್ರ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರು ಸುತ್ತಿಸಿ ಚೆನ್ನಾಗಿ ತೊಳೀರಿ.

ಇನ್ನು ಸ್ಪಿತಿ, ಲಡಾಖ್ ಕಡೆ ಹೊರಟೋರಿಗೆ. ಮೈಸೂರಲ್ಲಿ ಕೂಲೆಂಟಿಗೆ ನಲ್ಲಿ ನೀರು ಸೇರಿಸಿ ಸೇರಿಸಿ ತೆಳ್ಳಗೆ ಮಾಡ್ಕೊಂಡಿರ್ತೀವಿ, ಇಲ್ಲಿ ನಡೆಯುತ್ತೆ, ಅಲ್ಲಿ ನಡೆಯಲ್ಲ. ಹೊರಡೋ ಮುಂಚೆ ಪೂರ್ತಿ ಖಾಲಿ ಮಾಡಿ ಗಟ್ಟಿ ಕೂಲೆಂಟ್, ನೀರು ಅರ್ಧಕ್ಕರ್ಧ ಇರೋ ಮಿಶ್ರಣ ಹಾಕಿಸಿ, ಸುಮಾರು ಮೈನಸ್ 35 ಡಿಗ್ರಿ ತನಕ ಹೆಪ್ಪುಗಟ್ಟಲ್ಲ. ಸ್ನಾನದ ನೀರಿಗೆ ಆ ರಕ್ಷಣೆ ಇಲ್ಲ. ನೀರು ಮಂಜಾದ್ರೆ ಶೇಕಡಾ 9ರಷ್ಟು ಉಬ್ಬುತ್ತೆ, ಎಕ್ಸ್‌ಚೇಂಜರ್ ಸೀಳೋಕೆ ಒಂದು ರಾತ್ರಿ ಸಾಕು. ಅದಕ್ಕೆ ಲೈನಿನ ಎಲ್ಲಕ್ಕಿಂತ ಕೆಳಗಿನ ಜಾಗದಲ್ಲಿ ಡ್ರೈನ್ ಕಾಕ್ ಒಂದು ಕೊಡಿಸಿಕೊಳ್ಳಿ, ಮಲಗೋ ಮುಂಚೆ ಅದನ್ನೂ ಎಲ್ಲಾ ಟ್ಯಾಪುಗಳನ್ನೂ ತೆಗೆದು, ಪಂಪನ್ನ ಒಂದೈದು ಸೆಕೆಂಡ್ ಖಾಲಿ ಓಡಿಸಿ, ಬೆಳಗ್ಗೆ ತನಕ ಎಲ್ಲಾ ತೆರೆದೇ ಬಿಡಿ.