ತಲಬು ಬಂದರೆ ನಾನಿನ್ನೂ ಕುಡುಕನೇ?

ಚಟದ ಪಾಠಕ್ಕೆ ನಾವು ಓದುವ ಪುಸ್ತಕದಲ್ಲಿ ಕ್ರೇವಿಂಗ್ ಅಂತ ಇರುವುದಕ್ಕೆ ನಮ್ಮ ಕಡೆ ಒಳ್ಳೆಯ ಮಾತೊಂದಿದೆ: ತಲಬು. ಚಹಾದ ತಲಬು, ಗುಟ್ಕಾದ ತಲಬು, ಶೆರೆಯ ತಲಬು. ಪರೀಕ್ಷೆಯಲ್ಲಿ 'ತೀವ್ರ ಹಂಬಲ' ಅಂತ ಬರೆಯಿರಿ. ಆದರೆ ಫೀಲ್ಡ್‌ವರ್ಕ್‌ನಲ್ಲಿ ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಯಾರನ್ನಾದರೂ ಕೇಳುವಾಗ ತಲಬು ಅಂತಲೇ ಕೇಳಿ.

ಮೊದಲು ಅಂಕಕ್ಕೆ ಬೇಕಾದ್ದು. ಅಮೆರಿಕದ ಮನೋವೈದ್ಯರ ಸಂಘ ಮಾನಸಿಕ ಕಾಯಿಲೆ ಗುರುತಿಸಲು ತಂದ 2013ರ ಕೈಪಿಡಿ ಡಿಎಸ್‌ಎಂ-5ರಲ್ಲಿ ಚಟದ ಕಾಯಿಲೆಗೆ 11 ಲಕ್ಷಣಗಳಿವೆ. 12 ತಿಂಗಳೊಳಗೆ ಕನಿಷ್ಠ 2 ಕಾಣಬೇಕು. ತಲಬು ಆ ಪಟ್ಟಿಗೆ ಹೊಸದಾಗಿ ಸೇರಿದ್ದು ಆಗಲೇ. ಅದಕ್ಕೂ ಮುಂಚೆ, 1993ರಲ್ಲಿ, ರಾಬಿನ್ಸನ್ ಮತ್ತು ಬೆರಿಡ್ಜ್ ಎಂಬ ಸಂಶೋಧಕರು ಒಂದು ಮುಖ್ಯವಾದ ಮಾತು ಹೇಳಿದ್ದರು: ಬೇಕು ಅನ್ನಿಸುವುದೇ ಬೇರೆ, ಹಿತ ಅನ್ನಿಸುವುದೇ ಬೇರೆ. ಚಟ ಬಲಿತಂತೆ ಕುಡಿದಾಗಿನ ಸುಖ ಹೆಚ್ಚದಿದ್ದರೂ 'ಬೇಕು' ಮಾತ್ರ ಜಾಸ್ತಿಯಾಗುತ್ತ ಹೋಗುತ್ತದೆ, ಬಿಟ್ಟು ಎಷ್ಟೋ ದಿನ ಆದಮೇಲೂ ಒಂದು ವಾಸನೆಗೆ, ಒಂದು ಜಾಗಕ್ಕೆ ಎದ್ದು ಕೂರುತ್ತದೆ.

ಇದು ನನಗೆ ಅರ್ಥವಾದದ್ದು ನಮ್ಮ ಕಾಕಾನಿಂದ. ಅವನು ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಒಯ್ಯುತ್ತಿದ್ದ. ಕುಡಿಯೋದು ಬಿಟ್ಟಮೇಲೆ ವೈನ್ ಶಾಪ್ ಮುಂದೆ ಹಾದುಹೋದರೂ ಏನೂ ಆಗುತ್ತಿರಲಿಲ್ಲವಂತೆ. ದಲಾಲಿ ಅಂಗಡಿಯಲ್ಲಿ ಪಟ್ಟಿ ಮಾಡಿಸಿ, ನೋಟು ಎಣಿಸಿ, ಒಳಗಿನ ಕಿಸೆಗೆ ಇಡುವಾಗ ಮಾತ್ರ ಬಾಯಿ ಒಣಗುತ್ತಿತ್ತು. 'ರೊಕ್ಕ ಮುಟ್ಟಿದ್ರ ಸಾಕು, ಕೈ ನಡಗತಾವು' ಅನ್ನುತ್ತಿದ್ದ. ಎಷ್ಟೋ ವರ್ಷ ರೊಕ್ಕದ ಹಿಂದೆಯೇ ಶೆರೆ ಬಂದಿತ್ತಲ್ವಾ, ಮೈ ಅದನ್ನು ಕಲಿತುಬಿಟ್ಟಿತ್ತು. ಆಮೇಲಿಂದ ರೊಕ್ಕ ತಗೊಳ್ಳೋಕೆ ಕಾಕುನೂ ಜೊತೆಗೆ ಹೋಗತೊಡಗಿದಳು.

ಈಗ ಗುರುತಿನ ವಿಚಾರ. ತಲಬು ಬಂದಾಗ ಮನುಷ್ಯ ತನ್ನ ಬಗ್ಗೆ ಏನಂದುಕೊಳ್ಳುತ್ತಾನೆ? ನನ್ನ ಪ್ರಕಾರ ಇಡೀ ಪಾಠದ ಜೀವ ಇಲ್ಲೇ ಇದೆ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಶುರುವಾದ ಆಲ್ಕೋಹಾಲಿಕ್ಸ್ ಅನಾನಿಮಸ್ (ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಸಭೆಗಳಲ್ಲಿ, ಬಿಟ್ಟು 20 ವರ್ಷವಾದವರೂ 'ನಾನು ಆಲ್ಕೋಹಾಲಿಕ್' ಅಂತಲೇ ಪರಿಚಯ ಹೇಳಿಕೊಳ್ಳುತ್ತಾರೆ. ಅಲ್ಲಿ ತಲಬು ಸೋಲಲ್ಲ, ಕಾಯಿಲೆಯ ಸ್ವಭಾವ. ಇನ್ನು ಮ್ಯಾಕಿಂಟೋಷ್ ಮತ್ತು ಮೆಕೆಗನಿ ಎಂಬ ಸಂಶೋಧಕರು ಸ್ಕಾಟ್ಲೆಂಡಿನಲ್ಲಿ ಡ್ರಗ್ಸ್ ಬಿಟ್ಟ 70 ಜನರ ಮಾತು ಕೇಳಿ 2000ದಲ್ಲಿ ಬರೆದದ್ದು ಬೇರೆ ದಾರಿ: ಚಟದಲ್ಲಿದ್ದವನು ನಿಜವಾದ ನಾನಲ್ಲ ಅಂತ ತಮ್ಮ ಕಥೆಯನ್ನೇ ಹೊಸದಾಗಿ ಹೇಳಿಕೊಳ್ಳುವುದು. ಯಾವುದು ಸರಿ ಅಂತ ಉತ್ತರದಲ್ಲಿ ತೀರ್ಪು ಕೊಡಲು ಹೋಗಬೇಡಿ. ಎರಡರಲ್ಲೂ ತಲಬಿಗೂ ತನಗೂ ನಡುವೆ ಸ್ವಲ್ಪ ಜಾಗ ಸಿಗುತ್ತದೆ, ಅದನ್ನು ಬರೆಯಿರಿ.

ಆ ಜಾಗ ಇಲ್ಲದಿದ್ದರೆ? ಕಾಕಾ ಒಂದು ಮದುವೆಯಲ್ಲಿ ಒಂದು ಗ್ಲಾಸ್ ಕುಡಿದ. 'ಕುಡುಕ ಎಂದಿದ್ರೂ ಕುಡುಕನ' ಅಂತ ಮನೆಯಲ್ಲಿ ಅಂದರು. ಒಂದು ಗ್ಲಾಸ್ ಮೂರು ದಿನವಾಯಿತು. 'ಹೆಂಗೂ ಅಂದಾರ, ಇನ್ನೇನು' ಅಂದನಂತೆ. ಮನೋವಿಜ್ಞಾನಿ ಮಾರ್ಲಾಟ್ ಮರುಕಳಿಕೆಯ (ಬಿಟ್ಟ ಚಟ ಮತ್ತೆ ಹತ್ತುವುದರ) ಬಗ್ಗೆ ಹೇಳುವುದು ಇದನ್ನೇ. ಜಾರಿದ್ದಕ್ಕಿಂತ, ಜಾರಿದಮೇಲೆ 'ನಾನೇ ಕೆಟ್ಟವನು' ಅಂದುಕೊಳ್ಳುವುದು ಜಾಸ್ತಿ ಕೆಡಿಸುತ್ತದೆ. ನಮ್ಮ ಮನೆಯವರ ಬಾಯಿಂದ ಆ ಮಾತು ಬಂದದ್ದು ನನಗೆ ಇವತ್ತಿಗೂ ನೋವು.

ತಲಬು ಅಲೆಯಂತೆ ಏರಿ ಇಳಿಯುತ್ತದೆ, ಅದರ ಜೊತೆ ಜಗಳವಾಡದೆ ನೋಡುತ್ತ ಕೂತರೆ ಸಾಕು ಅನ್ನುವುದೂ ಮಾರ್ಲಾಟ್ ಕಲಿಸಿದ್ದೇ. ಕಾಕಾ ಈಗ 'ತಲಬು ಬಂದೈತಿ' ಅಂತ ಕೂಗಿ ಹೇಳುತ್ತಾನೆ. ಕಾಕು ಚಹಾಕ್ಕಿಡುತ್ತಾಳೆ. ಇಬ್ಬರೂ ಕಟ್ಟೆ ಮೇಲೆ ಕೂರುತ್ತಾರೆ, ಅದು ಇಳಿಯುವತನಕ.