ಕೊಬ್ಬನ್ನು ಯಾರೂ ಕತ್ತರಿಸಿ ತೆಗೆದಿಲ್ಲ

ಸಕ್ಕರೆ ಕಾಯಿಲೆಯೂ ಇದ್ದು ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮನೆಯವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಡಾಕ್ಟ್ರೇ, ಎಷ್ಟು ಕೆಜಿ ಕೊಬ್ಬು ತೆಗೆದರು?” ಒಂದು ಗ್ರಾಮೂ ತೆಗೆದಿಲ್ಲ. ಈ ಶಸ್ತ್ರಚಿಕಿತ್ಸೆಯ ಸ್ಲೀವ್ ಎಂಬ ಬಗೆಯಲ್ಲಿ ಜಠರದ ಬಹುಭಾಗವನ್ನು ಕತ್ತರಿಸುತ್ತಾರೆ. ಬೈಪಾಸ್ ಎಂಬ ಇನ್ನೊಂದು ಬಗೆಯಲ್ಲಿ ಜಠರದ ಸಣ್ಣ ಭಾಗವೊಂದನ್ನು ಬೇರ್ಪಡಿಸಿ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಕೊಬ್ಬಿನ ಗೊಡವೆಗೇ ಹೋಗುವುದಿಲ್ಲ. ಇದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಮುಂದಿನ ಸಲ ಮತ್ತದೇ ಮಾತು: “ಕೊಬ್ಬು ತೆಗೆಸಿ ಆಯ್ತಲ್ಲ, ಇನ್ನೂ ಶುಗರ್ ಯಾಕೆ ನೋಡಿಸಬೇಕು?”

ಬರೀ ಮಾತಿನ ತಪ್ಪಾಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಹೀಗೆ ನಂಬಿದವರು ಪರೀಕ್ಷೆ ನಿಲ್ಲಿಸುತ್ತಾರೆ, ವರ್ಷಗಟ್ಟಲೆ ಕಾಣಿಸಿಕೊಳ್ಳುವುದಿಲ್ಲ. ಕೊನೆಗೊಂದು ದಿನ ಕಾಲಿನ ಗಾಯ ಮಾಯುತ್ತಿಲ್ಲ ಎಂದು ಬರುತ್ತಾರೆ. ಅದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ.

ಕೊಬ್ಬನ್ನು ನಿಜಕ್ಕೂ ಹೊರತೆಗೆದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದಾರೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಕ್ಲೈನ್ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೊಜ್ಜಿದ್ದ 15 ಮಹಿಳೆಯರ ಹೊಟ್ಟೆಯ ಚರ್ಮದಡಿಯಿಂದ ಲಿಪೋಸಕ್ಷನ್ (ಕೊಳವೆಯಿಂದ ಕೊಬ್ಬನ್ನು ಹೀರಿ ತೆಗೆಯುವ ವಿಧಾನ) ಮೂಲಕ ಸರಾಸರಿ ಸುಮಾರು 10 ಕೆಜಿ ಕೊಬ್ಬು ತೆಗೆದರು. ಅವರಲ್ಲಿ 7 ಮಂದಿಗೆ ಸಕ್ಕರೆ ಕಾಯಿಲೆ ಇತ್ತು. ಎರಡೂವರೆ ಮೂರು ತಿಂಗಳ ಬಳಿಕ ಅಳೆದಾಗ ದೇಹ ಇನ್ಸುಲಿನ್‌ಗೆ ಸ್ಪಂದಿಸುವ ರೀತಿ ಇದ್ದಂತೆಯೇ ಇತ್ತು. ಅಷ್ಟೇ ಕೊಬ್ಬನ್ನು ಊಟ ಕಡಿಮೆ ಮಾಡಿ ಕರಗಿಸಿದ್ದರೆ ಶುಗರ್ ಖಂಡಿತ ಸುಧಾರಿಸುತ್ತಿತ್ತು. ಇದು ಅರ್ಥವಾದರೆ ಉಳಿದದ್ದೆಲ್ಲ ಅರ್ಥವಾದಂತೆ, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಕೊಬ್ಬಿನ ಜೀವಕೋಶ ದೇಹದ ಉಗ್ರಾಣ. ತಿಂದು ಹೆಚ್ಚಾದದ್ದನ್ನು ಒಂದು ದೊಡ್ಡ ಹನಿಯಾಗಿ ತನ್ನೊಳಗೆ ಕೂಡಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶವಿಡೀ ಆ ಹನಿಯೇ, ಕೋಶಕೇಂದ್ರ ಒಂದು ಅಂಚಿಗೆ ಒತ್ತಿಹೋಗಿರುತ್ತದೆ. ಕೋಶ ಮಿತಿಮೀರಿ ಉಬ್ಬಿದಾಗ ತೊಂದರೆ ಶುರು. ಅದು ಕೊಬ್ಬಿನಾಮ್ಲಗಳನ್ನು ರಕ್ತಕ್ಕೆ ಸೋರಿಸುತ್ತದೆ. ಸತ್ತ ಕೋಶಗಳ ಸುತ್ತ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಮುತ್ತಿ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತವೆ, ಇನ್ಸುಲಿನ್‌ನ ಕೆಲಸಕ್ಕೆ ಅವು ಅಡ್ಡಿ. ಇನ್ಸುಲಿನ್‌ಗೆ ನೆರವಾಗುವ ಅಡಿಪೊನೆಕ್ಟಿನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ. ಜಾಗ ಸಿಗದ ಕೊಬ್ಬು ಯಕೃತ್ತಿಗೆ, ಸ್ನಾಯುವಿಗೆ, ಮೇದೋಜೀರಕ ಗ್ರಂಥಿಗೆ ನುಗ್ಗುತ್ತದೆ. ಶುಗರ್ ಕೆಡುವುದು ಹೀಗೆ. ಲಿಪೋಸಕ್ಷನ್‌ನಲ್ಲಿ ಕೋಶಗಳ ಸಂಖ್ಯೆ ಕಡಿಮೆಯಾಯಿತು, ಸರಿ. ಆದರೆ ಉಳಿದ ಪ್ರತಿ ಕೋಶವೂ ಹಾಗೇ ಉಬ್ಬಿಕೊಂಡಿತ್ತು, ಯಕೃತ್ತಿನ ಕೊಬ್ಬಿಗೆ ಯಾರೂ ಕೈಹಾಕಿರಲಿಲ್ಲ.

ಇದರ ಇನ್ನೊಂದು ತುದಿಯೂ ಇದೆ. ಲಿಪೋಡಿಸ್ಟ್ರೋಫಿ ಎಂಬ ಅಪರೂಪದ ಕಾಯಿಲೆಯ ತೀವ್ರ ರೂಪದಲ್ಲಿ ಚರ್ಮದಡಿ ಕೊಬ್ಬೇ ಇರುವುದಿಲ್ಲ. ಅಂಥವರಿಗೆ ಅತಿ ಕಠಿಣವಾದ ಸಕ್ಕರೆ ಕಾಯಿಲೆ ಬರುತ್ತದೆ. ಕೂಡಿಡಲು ಜಾಗವಿಲ್ಲದೆ ಎಲ್ಲವೂ ಯಕೃತ್ತಿಗೇ ಹೋಗಿ ಸೇರುತ್ತದೆ. ಆದ್ದರಿಂದ ಕೊಬ್ಬಿನ ಕೋಶವನ್ನು ಶತ್ರುವೆಂದು ಬೈಯಬೇಡಿ ಎಂದು ರೋಗಿಗಳಿಗೆ ಹೇಳುತ್ತಿರುತ್ತೇನೆ. ಅದು ಆರೋಗ್ಯವಾಗಿರಬೇಕು, ಉಬ್ಬಿರಬಾರದು, ಅಷ್ಟೇ.

ಹಾಗಾದರೆ ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಶುಗರ್ ಇಳಿಯುವುದು ಹೇಗೆ? ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಪೋರೀಸ್ 1995ರಲ್ಲಿ ಇದನ್ನು ವರದಿ ಮಾಡಿದಾಗ ನಂಬಿದವರು ಕಡಿಮೆ. ಶಸ್ತ್ರಚಿಕಿತ್ಸೆಯಾದ ಆ ಮೊದಲ ದಿನಗಳಲ್ಲಿ ತೂಕ ಅಷ್ಟಾಗಿ ಇಳಿದಿರುವುದೇ ಇಲ್ಲ. ಮೊದಲು ಕರಗುವುದು ಯಕೃತ್ತಿನ ಕೊಬ್ಬು. ಅದು ಕರಗುತ್ತಿದ್ದಂತೆ ಯಕೃತ್ತು ರಕ್ತಕ್ಕೆ ಗ್ಲೂಕೋಸ್ ಸುರಿಯುವುದನ್ನು ತಗ್ಗಿಸುತ್ತದೆ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ರಾಯ್ ಟೇಲರ್ ತಂಡ 2011ರಲ್ಲಿ ಚಾಕು ಮುಟ್ಟದೆಯೇ ಇದನ್ನು ತೋರಿಸಿತು: ದಿನಕ್ಕೆ ಸುಮಾರು 600 ಕ್ಯಾಲೊರಿ ಆಹಾರ, ಏಳು ದಿನಗಳಲ್ಲಿ ಖಾಲಿಹೊಟ್ಟೆಯ ಶುಗರ್ ಸರಿಹೋಯಿತು. ಬೈಪಾಸ್ ನಂತರ, ಇನ್ಸುಲಿನ್ ಹೊರಬರಲು ನೆರವಾಗುವ ಕರುಳಿನ ಜಿಎಲ್‌ಪಿ-1 ಹಾರ್ಮೋನು ಏರುತ್ತದೆ, ನಿಜ. ಆದರೆ ಅದರ ಪಾಲು ಎಷ್ಟು ಎಂಬ ಚರ್ಚೆ ತಜ್ಞರಲ್ಲಿ ಇನ್ನೂ ಮುಗಿದಿಲ್ಲ. 2020ರಲ್ಲಿ ಕ್ಲೈನ್ ಅವರ ತಂಡವೇ ಬೈಪಾಸ್‌ನಿಂದ ಮತ್ತು ಪಥ್ಯದಿಂದ ಸಮನಾಗಿ ಸುಮಾರು 18% ತೂಕ ಇಳಿಸಿದವರನ್ನು ಹೋಲಿಸಿದಾಗ ಸಕ್ಕರೆಯ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಚರ್ಮದಡಿಯ ಕೋಶಗಳು ಕುಗ್ಗುವುದು ನಿಧಾನ, ವರ್ಷ ಎರಡು ವರ್ಷ ಹಿಡಿಯುತ್ತದೆ. ಕುಗ್ಗುತ್ತವೆ, ಒಟ್ಟು ಸಂಖ್ಯೆ ಕಡಿಮೆಯಾಗುವುದಿಲ್ಲ. ಸ್ವೀಡನ್ನಿನ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷ ಕಳೆದರೂ ಕೋಶಗಳ ಸಂಖ್ಯೆ ಇಳಿದಿರಲಿಲ್ಲ, ಗಾತ್ರವಷ್ಟೇ ಇಳಿದಿತ್ತು. ಮೇಲಾಗಿ, ಬೊಜ್ಜಿದ್ದ ಕಾಲದ ಕೆಲವು ಗುರುತುಗಳು ತೂಕ ಇಳಿದ ಮೇಲೂ ಈ ಕೋಶಗಳಲ್ಲಿ ಉಳಿದಿರುತ್ತವೆ ಎಂದು 2024ರಲ್ಲಿ ಜ್ಯೂರಿಚ್‌ನ ತಂಡವೊಂದು ತೋರಿಸಿತು. ತೂಕ ಮರಳಿ ಏರಲು ಅದೇ ಕಾರಣ ಎನ್ನುವಷ್ಟು ಪುರಾವೆ ಮನುಷ್ಯರಲ್ಲಿ ಇನ್ನೂ ಇಲ್ಲ, ಇಲಿಗಳಲ್ಲಿ ಸೂಚನೆ ಇದೆ.

ನನ್ನ ಬಳಿ ಬರುವ ನಿವೃತ್ತ ಶಿಕ್ಷಕಿಯೊಬ್ಬರು ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ತೂಕದ ಲೆಕ್ಕ ಇಟ್ಟಿದ್ದಾರೆ. ಗೆರೆ ಹಾಕಿದ ನೋಟ್‌ಪುಸ್ತಕ, ಅರ್ಧ ಕೆಜಿ ಇಳಿದಲ್ಲೆಲ್ಲ ಕೆಂಪು ಪೆನ್ಸಿಲ್ಲಿನ ಗುರುತು. ಪುಟ ತಿರುವಿದಷ್ಟೂ ಪ್ರೀತಿ ಉಕ್ಕುತ್ತದೆ. ಶುಗರ್‌ನ ಕಾಲಂ ಮಾತ್ರ ಇಲ್ಲ. ತೂಕ ಏರಿಲ್ಲ, ಆದರೂ ಸಕ್ಕರೆ ಮೆಲ್ಲಗೆ ಏರತೊಡಗಿತ್ತು. ಅವರಿಗೆ ನಂಬಲಾಗಲಿಲ್ಲ. ಬಹಳ ವರ್ಷ ಕಾಯಿಲೆ ಇದ್ದವರಲ್ಲಿ, ಮೊದಲೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದವರಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ದಣಿದಿರುತ್ತವೆ, ತೂಕದ ಯಂತ್ರ ಅದನ್ನು ತೋರಿಸುವುದಿಲ್ಲ. ಈಗ ಅದೇ ಪುಸ್ತಕದಲ್ಲಿ ನಾನೇ ಗೆರೆ ಎಳೆದು ಇನ್ನೊಂದು ಕಾಲಂ ಮಾಡಿಕೊಟ್ಟಿದ್ದೇನೆ.

ಸ್ವೀಡನ್ನಿನ ದೀರ್ಘಕಾಲದ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯಾದ ಎರಡು ವರ್ಷಕ್ಕೆ ಸುಮಾರು 72% ಜನ ಸಕ್ಕರೆ ಕಾಯಿಲೆಯಿಂದ ಹೊರಬಂದಿದ್ದರು, 15 ವರ್ಷಕ್ಕೆ ಆ ಪ್ರಮಾಣ ಸುಮಾರು 30%. ಇದನ್ನು ಓದಿ ಎದೆಗುಂದಬೇಕಿಲ್ಲ. ಕಣ್ಣು, ಮೂತ್ರಪಿಂಡ, ನರಗಳ ತೊಡಕುಗಳು ಅದೇ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದವರಿಗಿಂತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ನಾನು ಕೇಳುವುದು ಪರೀಕ್ಷೆ ಬಿಡಬೇಡಿ ಎಂದು, ಅಷ್ಟೇ.

ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಒಂದನ್ನೇ ನೆಚ್ಚಿಕೊಳ್ಳುವವರಿಗೆ ಒಂದು ಮಾತು: ಈ ಶಸ್ತ್ರಚಿಕಿತ್ಸೆಯ ನಂತರ ಕಬ್ಬಿಣದ ಕೊರತೆ ಸಾಮಾನ್ಯ, ಅದರಿಂದ ಆ ಅಂಕಿ ಇರುವುದಕ್ಕಿಂತ ಹೆಚ್ಚು ತೋರಬಹುದು. ಜೊತೆಗೆ ಬೆರಳಿನ ರಕ್ತದ ಪರೀಕ್ಷೆಯೂ ಇರಲಿ. ಇನ್ಸುಲಿನ್ ಮತ್ತು ಶುಗರ್ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆಗಳ ಪ್ರಮಾಣವನ್ನು ಮೊದಲ ದಿನಗಳಲ್ಲೇ ತಗ್ಗಿಸಬೇಕಾಗುತ್ತದೆ. ಆದರೆ ಆ ನಿರ್ಧಾರ ನಿಮ್ಮ ವೈದ್ಯರದು, ಈ ಅಂಕಣ ಓದಿ ಯಾರೂ ಮಾತ್ರೆ ನಿಲ್ಲಿಸಬಾರದು. ಶುಗರ್ ಬಹಳ ಬೇಗ ಇಳಿದಾಗ ಮೊದಲೇ ಕೆಟ್ಟಿದ್ದ ಅಕ್ಷಿಪಟಲ (ಕಣ್ಣಿನ ಹಿಂಭಾಗದ ರೆಟಿನಾ) ಕೆಲವರಲ್ಲಿ ಇನ್ನಷ್ಟು ಕೆಡುವುದುಂಟು. ಹಾಗಾಗಿ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವ ಮುಂಚೆಯೇ ಕಣ್ಣಿನ ವೈದ್ಯರ ಹತ್ತಿರ ಹೋಗಿ ಅಕ್ಷಿಪಟಲ ತೋರಿಸಿಕೊಂಡು ಬನ್ನಿ.