ನೀರುಳ್ಳಿಯಲ್ಲಿ ಹಸಿರು ಚುಕ್ಕಿ

ರೆಕಾರ್ಡ್ ಬುಕ್ ತಿದ್ದುವಾಗ ನನ್ನ ಕೆಂಪು ಪೆನ್ನು ಮೊದಲು ನಿಲ್ಲುವುದು ನೀರುಳ್ಳಿಯ ಪುಟದಲ್ಲಿ. ಉಡುಪಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡಲು ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ಪ್ರತಿ ಬ್ಯಾಚಿನಲ್ಲೂ ಅರ್ಧದಷ್ಟು ಮಕ್ಕಳು ನೀರುಳ್ಳಿ ಕೋಶದೊಳಗೆ ಹಸಿರು ಪೆನ್ಸಿಲ್ಲಿನಲ್ಲಿ ಚುಕ್ಕಿ ಇಟ್ಟಿರುತ್ತಾರೆ. ಪಕ್ಕದಲ್ಲಿ ನೀಟಾಗಿ ಬಾಣ ಎಳೆದು 'ಕ್ಲೋರೋಪ್ಲಾಸ್ಟ್' ಅಂತ ಬರೆದಿರುತ್ತಾರೆ.

"ಇದು ಎಲ್ಲಿ ಕಂಡಿತು?" ಅಂತ ಕೇಳಿದರೆ, "ಪುಸ್ತಕದಲ್ಲಿ ಉಂಟಲ್ಲ ಮೇಡಂ" ಅನ್ನುತ್ತಾರೆ.

ಪುಸ್ತಕದಲ್ಲಿ ಉಂಟು, ಮೈಕ್ರೋಸ್ಕೋಪಿನಡಿ ಇಟ್ಟ ಸ್ಲೈಡಿನಲ್ಲಿ ಇಲ್ಲ. ನೀರುಳ್ಳಿ ಗಡ್ಡೆ ಇರುವುದು ಮಣ್ಣಿನೊಳಗೆ. ಬಿಸಿಲೇ ಕಾಣದ ಜಾಗದಲ್ಲಿ ಬಿಸಿಲು ಹಿಡಿಯುವ ಕ್ಲೋರೋಪ್ಲಾಸ್ಟ್ ಇಟ್ಟುಕೊಂಡು ಅದಕ್ಕೆ ಎಂತ ಕೆಲಸ? ಪುಸ್ತಕದ ಚಿತ್ರದ್ದೇ ಈ ತೊಂದರೆ. ಅಲ್ಲಿ ಎಲ್ಲ ಭಾಗಗಳನ್ನೂ ಒಂದೇ ಕೋಶದಲ್ಲಿ ತುಂಬಿಸಿರುತ್ತಾರೆ, ಮದುವೆ ಮನೆಯ ಬಾಳೆಲೆಯ ಹಾಗೆ. ನಿಜವಾದ ಕೋಶ ದಿನದ ಊಟದ ಎಲೆ. ಅವತ್ತಿಗೆ ಬೇಕಾದದ್ದು ಮಾತ್ರ ಬಡಿಸಿರುತ್ತದೆ.

ಸ್ಯಾಫ್ರನಿನ್ ಬಣ್ಣ ಹಾಕಿದ ನೀರುಳ್ಳಿ ಪೊರೆಯಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ ಕಾಣುವುದು ಕೋಶಭಿತ್ತಿ. ಸೆಲ್ಯುಲೋಸಿನಿಂದಾದ ಗಟ್ಟಿ ಗೋಡೆ ಅದು. ಒಳಗೊಂದು ದುಂಡನೆಯ ಕೋಶಕೇಂದ್ರ, ಅದೂ ಬದಿಗೆ ಸರಿದಿರುತ್ತದೆ. "ಕೇಂದ್ರ ಅಂತ ಹೆಸರು, ಕೂತದ್ದು ಮೂಲೆಯಲ್ಲಿ" ಅಂತ ಮಕ್ಕಳು ನಗುತ್ತಾರೆ. ಅದನ್ನು ಮೂಲೆಗೆ ತಳ್ಳಿದ್ದು ರಸದಾನಿ. ಬೆಳೆದ ಸಸ್ಯಕೋಶದ ನೂರಕ್ಕೆ 90 ಭಾಗದವರೆಗೂ ಈ ನೀರಿನ ಚೀಲವೇ ಇರಬಹುದು. ಪರೀಕ್ಷೆಯಲ್ಲಿ ಇದಕ್ಕೆ ಸಿಗುವುದು ಒಂದು ಸಾಲು. ನನ್ನ ಕೇಳಿದರೆ ಸಸ್ಯಕೋಶದ ಅರ್ಧ ಕತೆ ಇದರದ್ದೇ.

ರಸದಾನಿ ನೋಡಬೇಕೆಂದರೆ ಬಣ್ಣವೂ ಬೇಡ. ನಮ್ಮ ಕಡೆ ಅಂಗಳದಲ್ಲಿ ಚಂದಕ್ಕೆ ಬೆಳೆಸುವ ರೋಹಿಯೋ ಗಿಡ ಗೊತ್ತಲ್ಲ, ಎಲೆಯ ಮೇಲೆ ಹಸಿರು, ಅಡಿಯಲ್ಲಿ ನೇರಳೆ. ಆ ನೇರಳೆ ಬಣ್ಣ ಇರುವುದು ರಸದಾನಿಯೊಳಗಿನ ನೀರಿನಲ್ಲಿ. ಎಲೆಯಡಿಯ ಪೊರೆಯನ್ನು ಸ್ಲೈಡಿಗೆ ಹಾಕಿ, ಒಂದು ಹನಿ ಉಪ್ಪುನೀರು ಬಿಟ್ಟು ನೋಡಿ. ಕೆಲವೇ ನಿಮಿಷಗಳಲ್ಲಿ ನೇರಳೆ ಬಣ್ಣ ಗೋಡೆ ಬಿಟ್ಟು ನಡುವಿಗೆ ಮುದುಡುತ್ತದೆ. ಗೋಡೆ ಇದ್ದಲ್ಲೇ ಇರುತ್ತದೆ. ಸಾಮಾನ್ಯವಾಗಿ ಗೋಡೆಗೆ ಅಂಟಿಕೊಂಡಿರುವ ಕೋಶಪೊರೆ ಆಗ ಮಾತ್ರ ಬೇರೆಯಾಗಿ ಗೊತ್ತಾಗುತ್ತದೆ. ಭಿತ್ತಿ ಬೇರೆ, ಪೊರೆ ಬೇರೆ ಅಂತ ಹತ್ತು ಸಲ ಬೋರ್ಡಿನಲ್ಲಿ ಬರೆದರೂ ತಲೆಗೆ ಹೋಗದ್ದು ಇಲ್ಲಿ ಒಂದೇ ಸಲಕ್ಕೆ ಹೋಗುತ್ತದೆ.

ನಮ್ಮ ಅಮ್ಮಂದಿರು ಇದೇ ಪ್ರಯೋಗವನ್ನು ಭರಣಿಯಲ್ಲಿ ಮಾಡುತ್ತಾರೆ. ಹಲಸಿನ ಸೊಳೆಗೆ ಉಪ್ಪು ಹಾಕಿಟ್ಟರೆ ಅದು ನೀರು ಬಿಡುತ್ತದೆ. ಆ ನೀರು ಎಲ್ಲಿಂದ ಬಂತು? ರಸದಾನಿಯಿಂದ. ತಿಂಗಳುಗಟ್ಟಲೆ ಕಳೆದ ಮೇಲೂ ಉಪ್ಪು ಸೊಳೆ ಕರಗಿ ಗಂಜಿಯಾಗುವುದಿಲ್ಲ. ಕೋಶ ಸತ್ತಿದೆ, ಗೋಡೆ ನಿಂತಿದೆ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತುಂಡಿನಲ್ಲಿ ನೋಡಿ 'ಸೆಲ್' ಅಂತ ಹೆಸರಿಟ್ಟದ್ದೂ ಇಂಥ ಸತ್ತ ಗೋಡೆಗಳಿಗೇ. ಒಳಗಿನ ಕೋಶಕೇಂದ್ರಕ್ಕೆ ಹೆಸರು ಸಿಕ್ಕಿದ್ದು 1831ರಲ್ಲಿ, ರಾಬರ್ಟ್ ಬ್ರೌನ್ ಅವರಿಂದ.

ರಸದಾನಿಯಲ್ಲಿ ಬರೀ ನೀರಲ್ಲ, ಬೇರೆ ಸಾಮಾನೂ ಇರುತ್ತದೆ. ಪತ್ರೊಡೆಗೆ ಕೆಸುವಿನ ಎಲೆ ಹೆಚ್ಚುವಾಗ ಕೈ ತುರಿಸುತ್ತದಲ್ಲ, ಅದಕ್ಕೆ ಕಾರಣ ಎಲೆಯ ಕೆಲವು ಕೋಶಗಳಲ್ಲಿ ಕಟ್ಟುಕಟ್ಟಾಗಿ ಕೂತಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು. ಎಲ್ಲ ಕೋಶಗಳಲ್ಲಿ ಇರುವುದಿಲ್ಲ, ಕೆಲವಕ್ಕೆ ಮಾತ್ರ ಆ ಡ್ಯೂಟಿ.

ಇನ್ನೊಂದು ಹಳೆ ತಪ್ಪು ಎರಡು ಕಾಲಮ್ಮಿನ ಪಟ್ಟಿಯಿಂದ ಬರುತ್ತದೆ. ಸಸ್ಯಕ್ಕೆ ಕ್ಲೋರೋಪ್ಲಾಸ್ಟ್, ಪ್ರಾಣಿಗೆ ಮೈಟೋಕಾಂಡ್ರಿಯಾ ಅಂತ ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ಗಿಡಕ್ಕೂ ಮೈಟೋಕಾಂಡ್ರಿಯಾ ಬೇಕು ಮಾರಾಯ್ರೆ! ಕ್ಲೋರೋಪ್ಲಾಸ್ಟ್ ಸಕ್ಕರೆ ಮಾಡಿಕೊಡುತ್ತದೆ. ಆ ಸಕ್ಕರೆಯಿಂದ ಪೂರ್ತಿ ಶಕ್ತಿ ತೆಗೆಯಲು ಮೈಟೋಕಾಂಡ್ರಿಯಾ ಇಲ್ಲದೆ ಆಗುವುದಿಲ್ಲ. ರಾತ್ರಿ ಗಿಡ ಬದುಕುವುದು ಹೇಗೆ ಮತ್ತೆ?

ಮೈಟೋಕಾಂಡ್ರಿಯಾವನ್ನು ನಮ್ಮ ಲ್ಯಾಬಿನ ಮೈಕ್ರೋಸ್ಕೋಪಿನಲ್ಲಿ ತೋರಿಸುವುದು ಕಷ್ಟ. ಅದಕ್ಕೆ ನಾನು ಬಂಗುಡೆಯ ಮಾತು ಎತ್ತುತ್ತೇನೆ. ಮಲ್ಪೆ ಕಡೆಯಿಂದ ಬರುವ ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ. ಬಂಗುಡೆಯ ಎರಡೂ ಬದಿಯಲ್ಲಿ, ಚರ್ಮದ ಕೆಳಗೆ ಕಡು ಕೆಂಪು ಮಾಂಸದ ಪಟ್ಟಿ ಇರುತ್ತದೆ. ನಿಲ್ಲದೆ ಈಜಲು ಬಳಸುವ ಸ್ನಾಯು ಅದು. ಅಲ್ಲಿನ ಕೋಶಗಳಲ್ಲಿ ಮೈಟೋಕಾಂಡ್ರಿಯಾ ಜಾಸ್ತಿ, ಆಮ್ಲಜನಕ ಹಿಡಿದಿಡುವ ಕೆಂಪು ಪ್ರೋಟೀನೂ ಜಾಸ್ತಿ. ಪಕ್ಕದ ಬಿಳಿ ಮಾಂಸಕ್ಕೆ ಗಕ್ಕನೆ ಒಮ್ಮೆ ಓಡುವ ಕೆಲಸ, ಅಲ್ಲಿ ಎರಡೂ ಕಡಿಮೆ. ಒಂದೇ ಮೀನು, ಒಂದೇ ತುಂಡು, ಕೋಶಗಳ ಒಳಗಿನ ಸಾಮಾನು ಬೇರೆ ಬೇರೆ.

ನಮ್ಮ ಕೆಂಪು ರಕ್ತಕೋಶದ್ದು ಇದಕ್ಕೆ ತದ್ವಿರುದ್ಧ. ಅದರಲ್ಲಿ ಕೋಶಕೇಂದ್ರವೂ ಇಲ್ಲ, ಮೈಟೋಕಾಂಡ್ರಿಯಾವೂ ಇಲ್ಲ. ಬೆಳೆಯುವಾಗ ಇವನ್ನೆಲ್ಲ ಕಳೆದುಕೊಂಡು ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತದೆ. ಆಮ್ಲಜನಕ ಹೊತ್ತರೂ ತನಗಾಗಿ ಅದನ್ನು ಬಳಸುವುದಿಲ್ಲ. ಗ್ಯಾಸ್ ಸಿಲಿಂಡರ್ ತರುವವನು ದಾರಿಯಲ್ಲಿ ಅಡುಗೆ ಮಾಡಿಕೊಳ್ಳುತ್ತಾನಾ? ಸುಮಾರು 120 ದಿನ ಓಡಾಡಿ ಮುಗಿಯುತ್ತದೆ. ಕೋಶಕೇಂದ್ರವೇ ಇಲ್ಲದ ಮೇಲೆ ರಿಪೇರಿ ಮಾಡಿಸುವವರು ಯಾರು?

ರೈಬೋಸೋಮ್, ಗಾಲ್ಗಿ ಮುಂತಾದ ಕೋಶದ ಭಾಗಗಳನ್ನು ನಾನು ಒಟ್ಟಿಗೇ ಹೇಳಿಬಿಡುತ್ತೇನೆ: ಪ್ರೋಟೀನ್ ಹೊಲಿಯುವುದು, ಪ್ಯಾಕ್ ಮಾಡುವುದು, ಕಳಿಸುವುದು. ಜೀರ್ಣರಸ ತಯಾರಿಸುವ ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ ಇವುಗಳದ್ದೇ ಕಾರುಬಾರು.

ಹೋದ ವರ್ಷ ಇದೆಲ್ಲ ಕೇಳಿದ ಹುಡುಗನೊಬ್ಬ, "ಒಂದು ಕೋಶಕ್ಕೆ ಒಂದಾದರೂ ಕೋಶಕೇಂದ್ರ ಇರಬೇಕು ಅಂತಲೂ ಇಲ್ವಾ, ಹಾಗಾದರೆ ಒಂದಕ್ಕಿಂತ ಜಾಸ್ತಿ ಇರಬಹುದಾ?" ಅಂದ. ನಾನು ಬೊಂಡದ ಕತೆ ಹೇಳಿದೆ. ಎಳೆ ಬೊಂಡದ ನೀರಿನಲ್ಲಿ ಸಾವಿರಾರು ಕೋಶಕೇಂದ್ರಗಳು ಗೋಡೆಯಿಲ್ಲದೆ ತೇಲುತ್ತಿರುತ್ತವೆ. ಆಮೇಲೆ ಅವು ಅಂಚಿಗೆ ಸರಿದು, ನಡುವೆ ಗೋಡೆಗಳು ಎದ್ದಾಗ ಗಂಜಿ ಕಟ್ಟುತ್ತದೆ. ಅದೇ ಬಲಿತು ಕಾಯಿಯಾಗುತ್ತದೆ.

ಅವನು ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ, "ಇದು ಪರೀಕ್ಷೆಗೆ ಬರ್ತದಾ ಮೇಡಂ?" ಅಂದ.

"ಬರ್ತದೆ, ಮುಂದಿನ ವರ್ಷ" ಅಂದೆ.